ಈ ಮೆಟ್ಟಿಲು ಕಟ್ಟಿದವರು ಯಾರು? – ಬಿಎಸ್ಸಿ ಗಣಿತದ ಪಾಠಗಳ ಹಿಂದಿನ ಚರಿತ್ರೆ



ಪ್ಲಸ್ ಟು ಫಲಿತಾಂಶ ಬಂದ ಮೇಲಿನ ಭಾನುವಾರಗಳಲ್ಲಿ, ಬಲಿಪೂಜೆ ಮುಗಿದು ಚರ್ಚಿನ ಅಂಗಳಕ್ಕೆ ಇಳಿದರೆ ಕೇಳುವ ಮಾತು ಒಂದೇ: ಮುಂದೇನು? ಯಾರಾದರೂ ಬಿಎಸ್ಸಿ ಗಣಿತ ಎಂದರೆ ಸುತ್ತ ನಿಂತವರ ಮುಖ ಸ್ವಲ್ಪ ಬದಲಾಗುತ್ತದೆ. "ಮೊದಲ ವರ್ಷ ಹೇಗೋ ದಾಟಬಹುದಂತೆ, ಆಮೇಲೆ ತಲೆಗೇ ಹೋಗುವುದಿಲ್ಲವಂತೆ" ಎನ್ನುತ್ತಾರೆ. ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಪ್ಲಸ್ ಟುನಲ್ಲಿ ಒಳ್ಳೆಯ ಅಂಕ ಪಡೆದು ಸೇರಿದ ಮಕ್ಕಳು ಎರಡನೇ, ಮೂರನೇ ವರ್ಷದಲ್ಲಿ ಕಂಗೆಡುವುದನ್ನು ನಾವೆಲ್ಲ ನೋಡಿದ್ದೇವೆ. ಕೆಲವರು ಓದನ್ನೇ ಬಿಡುತ್ತಾರೆ. ಬುದ್ಧಿ ಕಡಿಮೆ ಎಂಬ ಹಣೆಪಟ್ಟಿ ಹೊತ್ತು ಮನೆಗೆ ಬರುತ್ತಾರೆ.

ಗಣಿತದ ಪಾಠಗಳು ಒಂದರ ಮೇಲೊಂದು ಕಟ್ಟಿದ ಮೆಟ್ಟಿಲುಗಳು. ಈ ಮೆಟ್ಟಿಲುಗಳನ್ನು ಒಂದೇ ದಿನ, ಒಬ್ಬರೇ, ಕೆಳಗಿನಿಂದ ಮೇಲಕ್ಕೆ ಕಟ್ಟಲಿಲ್ಲ. ಯಾವ ಮೆಟ್ಟಿಲನ್ನು ಯಾರು, ಯಾವ ತೊಂದರೆ ಬಂದಾಗ ಇಟ್ಟರು ಎಂದು ತಿಳಿದರೆ ಹತ್ತುವವರಿಗೆ ಧೈರ್ಯ ಬರುತ್ತದೆ ಎಂಬ ನಂಬಿಕೆಯಿಂದ ಈ ಲೇಖನ ಬರೆಯುತ್ತಿದ್ದೇವೆ. ಇದನ್ನು ಕಟ್ಟಿದವರಲ್ಲಿ ಒಬ್ಬ ಧರ್ಮಗುರು, ಒಬ್ಬ ಬಿಷಪ್, ಪಾಸ್ಟರೊಬ್ಬರ ಮಗ, ಬಡವರ ಸೇವೆಗೆ ಬಾಳು ಕೊಟ್ಟ ಒಬ್ಬ ಮಹಿಳೆ ಎಲ್ಲರೂ ಇದ್ದಾರೆ. ಅವರನ್ನು ನಮ್ಮ ಮಕ್ಕಳಿಗೆ ಪರಿಚಯಿಸಬೇಕು ಎಂಬುದು ಇನ್ನೊಂದು ಆಸೆ.

1748: ಎರಡು ಪುಸ್ತಕಗಳು

ಇಟಲಿಯ ಮಿಲಾನ್ ನಗರದಲ್ಲಿ 1718ರಲ್ಲಿ ಹುಟ್ಟಿದ ಮರಿಯಾ ಗಯತಾನಾ ಆನ್ಯೇಸಿ ದೊಡ್ಡ ಕುಟುಂಬದ ಹಿರಿಯ ಮಗಳು. ತಮ್ಮಂದಿರಿಗೆ ಪಾಠ ಹೇಳಿಕೊಡುವ ಹೊಣೆ ಅವಳ ಮೇಲಿತ್ತು. ಆ ಕಾಲಕ್ಕೆ ಕ್ಯಾಲ್ಕುಲಸ್ ಹೊಸ ವಿದ್ಯೆ. ನ್ಯೂಟನ್ ಮತ್ತು ಲೈಬ್ನಿಟ್ಸ್ ಕಂಡುಕೊಂಡದ್ದು ಬೇರೆ ಬೇರೆ ಭಾಷೆಗಳ ಪುಸ್ತಕ, ಪತ್ರ, ಪತ್ರಿಕೆಗಳಲ್ಲಿ ಚದುರಿ ಬಿದ್ದಿತ್ತು. ಹೊಸಬನು ಎಲ್ಲಿಂದ ಶುರುಮಾಡಬೇಕು ಎಂಬುದೇ ತಿಳಿಯುತ್ತಿರಲಿಲ್ಲ.

ಆನ್ಯೇಸಿ 1748ರಲ್ಲಿ ಎರಡು ಸಂಪುಟಗಳ, ಸಾವಿರಕ್ಕೂ ಹೆಚ್ಚು ಪುಟಗಳ ಒಂದು ಪುಸ್ತಕವನ್ನು ಹೊರತಂದಳು. ಅದರ ಕ್ರಮ ನೋಡಿ: ಮೊದಲು ಬೀಜಗಣಿತ ಮತ್ತು ರೇಖಾಗಣಿತ, ಆಮೇಲೆ ಡಿಫರೆನ್ಶಿಯಲ್ ಕ್ಯಾಲ್ಕುಲಸ್, ಅದಾದ ಮೇಲೆ ಇಂಟೆಗ್ರಲ್ ಕ್ಯಾಲ್ಕುಲಸ್, ಕೊನೆಗೆ ಡಿಫರೆನ್ಶಿಯಲ್ ಸಮೀಕರಣಗಳು. ಇಂದು ನಮ್ಮ ಮಕ್ಕಳು ಪ್ಲಸ್ ಟುನಿಂದ ಡಿಗ್ರಿಯ ಮೊದಲ ವರ್ಷಗಳವರೆಗೆ ಓದುವುದು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ. ಅವಳು ಬರೆದದ್ದು ಪಂಡಿತರ ಲ್ಯಾಟಿನ್ ಭಾಷೆಯಲ್ಲಲ್ಲ, ಮನೆಮಾತಾದ ಇಟಾಲಿಯನ್‌ನಲ್ಲಿ. ಕೇಂಬ್ರಿಡ್ಜಿನ ಪ್ರೊಫೆಸರ್ ಜಾನ್ ಕಾಲ್ಸನ್ ಈ ಪುಸ್ತಕವನ್ನು ಇಂಗ್ಲಿಷಿಗೆ ತರಲೆಂದೇ ಇಳಿವಯಸ್ಸಿನಲ್ಲಿ ಇಟಾಲಿಯನ್ ಕಲಿತರು.

ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಆ ಪುಸ್ತಕವನ್ನು ಮೆಚ್ಚಿ, 1750ರಲ್ಲಿ ಆನ್ಯೇಸಿಗೆ ಬೊಲೋನ್ಯಾ ವಿಶ್ವವಿದ್ಯಾಲಯದಲ್ಲಿ ಗಣಿತದ ಹುದ್ದೆ ಸಿಗುವಂತೆ ಮಾಡಿದರು. ಹೆಣ್ಣುಮಕ್ಕಳಿಗೆ ಕಾಲೇಜಿನ ಬಾಗಿಲೇ ತೆರೆದಿರದ ಕಾಲ ಅದು. ಆದರೆ ಅವಳು ಬೊಲೋನ್ಯಾಕ್ಕೆ ಪಾಠ ಮಾಡಲು ಹೋಗಲಿಲ್ಲ. 1752ರಲ್ಲಿ ತಂದೆ ತೀರಿಕೊಂಡ ಮೇಲೆ ಗಣಿತವನ್ನೂ ಬಿಟ್ಟು ಬಡವರ, ರೋಗಿಗಳ, ಮುದುಕಿಯರ ಆರೈಕೆಗೆ ತನ್ನದೆಲ್ಲವನ್ನೂ ಕೊಟ್ಟಳು. 1799ರಲ್ಲಿ ಬಡವರ ಆಶ್ರಮದಲ್ಲೇ ತೀರಿಕೊಂಡಳು.

ಅದೇ 1748ರಲ್ಲಿ ಇನ್ನೊಂದು ಪುಸ್ತಕವೂ ಬಂತು. ಬರೆದವರು ಲಿಯೋನ್‌ಹಾರ್ಡ್ ಆಯ್ಲರ್. ಇವರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದವರು, ಪಾಸ್ಟರೊಬ್ಬರ ಮಗ. ಬಾಸೆಲ್ ಎಂದರೆ ನಮ್ಮ ಕರಾವಳಿಗೆ ಹೊಸ ಹೆಸರಲ್ಲ. 1834ರಲ್ಲಿ ಮಂಗಳೂರಿಗೆ ಬಂದು ಶಾಲೆ, ಪ್ರೆಸ್ಸು, ಹಂಚಿನ ಕಾರ್ಖಾನೆ ಕಟ್ಟಿದ ಬಾಸೆಲ್ ಮಿಶನ್ ಅದೇ ಊರಿನದು. ಆಯ್ಲರ್ ಮೊದಲು ಫಂಕ್ಷನ್‌ಗಳ ಬಗ್ಗೆ, ಮುಂದೆ 1755ರಲ್ಲಿ ಡಿಫರೆನ್ಶಿಯಲ್ ಕ್ಯಾಲ್ಕುಲಸ್ ಬಗ್ಗೆ, 1768ರಿಂದ 1770ರವರೆಗೆ ಇಂಟೆಗ್ರಲ್ ಕ್ಯಾಲ್ಕುಲಸ್ ಬಗ್ಗೆ ಬರೆದರು. "ಮೊದಲು ಫಂಕ್ಷನ್ ಎಂದರೇನು ಎಂದು ತಿಳಿ, ಆಮೇಲೆ ಅದರ ಬದಲಾವಣೆ ನೋಡು" ಎಂಬ ಕ್ರಮ ಪಾಠಪುಸ್ತಕಗಳಲ್ಲಿ ಗಟ್ಟಿಯಾದದ್ದು ಹೀಗೆ.

ಬಿರುಕು ತೋರಿಸಿದ ಬಿಷಪ್

ಮೆಟ್ಟಿಲುಗಳು ಚೆನ್ನಾಗಿಯೇ ಕಾಣುತ್ತಿದ್ದವು. ಆದರೆ ಅಡಿಯಲ್ಲಿ ಒಂದು ಬಿರುಕಿತ್ತು. ಅದನ್ನು ಊರಿಗೆಲ್ಲ ಕೇಳುವಂತೆ ಹೇಳಿದವರು ಜಾರ್ಜ್ ಬರ್ಕ್ಲಿ. ಐರ್ಲೆಂಡಿನ ಕ್ಲೋಯ್ನ್ ಎಂಬಲ್ಲಿ ಆಂಗ್ಲಿಕನ್ ಬಿಷಪ್ ಆದ ವರ್ಷವೇ, ಅಂದರೆ 1734ರಲ್ಲಿ, ಅವರೊಂದು ಪುಸ್ತಕ ಬರೆದರು.

ಅವರ ತಕರಾರು ಏನು? x ವರ್ಗದ ಡಿರೈವೇಟಿವ್ 2x ಎಂದು ಪ್ಲಸ್ ಟು ಮಕ್ಕಳಿಗೆಲ್ಲ ಗೊತ್ತು. ಅದನ್ನು ಕಂಡುಹಿಡಿಯಲು x ಅನ್ನು h ಎಂಬ ಚಿಕ್ಕ ಅಳತೆಯಷ್ಟು ಹೆಚ್ಚಿಸುತ್ತೇವೆ. ವರ್ಗದಲ್ಲಿ ಆಗುವ ಹೆಚ್ಚಳ 2xh + h². ಇದನ್ನು h ನಿಂದ ಭಾಗಿಸಿದರೆ 2x + h. ಈಗ h ಸೊನ್ನೆ ಎಂದು ಹೇಳಿ ಅದನ್ನು ಬಿಟ್ಟುಬಿಡುತ್ತೇವೆ. ಬರ್ಕ್ಲಿ ಕೇಳಿದ್ದು ಇಷ್ಟೇ: ಭಾಗಿಸುವಾಗ h ಸೊನ್ನೆ ಅಲ್ಲ ಎಂದಿರಿ, ಸೊನ್ನೆಯಾಗಿದ್ದರೆ ಭಾಗಿಸಲು ಆಗುತ್ತಿರಲಿಲ್ಲ. ಮರುಗಳಿಗೆ ಅದೇ h ಸೊನ್ನೆ ಎನ್ನುತ್ತೀರಿ. ಎರಡೂ ಹೇಗೆ ನಿಜವಾಗುತ್ತದೆ? ವಿಶ್ವಾಸದ ರಹಸ್ಯಗಳನ್ನು ಒಪ್ಪದವರು ಈ ಲೆಕ್ಕವನ್ನು ಮಾತ್ರ ಪ್ರಶ್ನೆಯಿಲ್ಲದೆ ಒಪ್ಪುವುದು ಯಾವ ನ್ಯಾಯ ಎಂಬುದು ಅವರ ವಾದ.

ಉತ್ತರಗಳು ಸರಿಯಾಗಿಯೇ ಬರುತ್ತಿದ್ದವು, ಸರಿ ಯಾಕೆ ಬರುತ್ತವೆ ಎಂದು ಯಾರಿಗೂ ನಿಖರವಾಗಿ ಹೇಳಲಾಗುತ್ತಿರಲಿಲ್ಲ. ಮೊದಲ ವರ್ಷದ ಕ್ಯಾಲ್ಕುಲಸ್ ಪಾಠಕ್ಕೂ ಮುಂದೆ ಬರುವ ರಿಯಲ್ ಅನಾಲಿಸಿಸ್ ಪಾಠಕ್ಕೂ ನಡುವಿನ ಅಂತರ ಇದೇ. ಮೊದಲನೆಯದು "ಹೇಗೆ", ಎರಡನೆಯದು "ಯಾಕೆ". ಆ ಅಂತರ ದಾಟಲು ಜಗತ್ತಿನ ದೊಡ್ಡ ಗಣಿತಜ್ಞರಿಗೇ ನೂರು ವರ್ಷ ಬೇಕಾಯಿತು. ನಮ್ಮ ಮಕ್ಕಳಿಗೆ ಕೊಡುವುದು ಒಂದು ಬೇಸಿಗೆ ರಜೆಯ ಅವಕಾಶ ಮಾತ್ರ. ಕಷ್ಟವಾಗುವುದು ಸಹಜ.

ಒಬ್ಬ ಧರ್ಮಗುರು, ಒಬ್ಬ ಭಕ್ತ, ಒಬ್ಬ ಮೇಷ್ಟ್ರು

ಬಿರುಕು ಮುಚ್ಚುವ ಕೆಲಸದಲ್ಲಿ ಮೂವರ ಹೆಸರು ಹೇಳಲೇಬೇಕು.

ಬರ್ನಾರ್ಡ್ ಬೊಲ್ಟ್ಸಾನೊ ಪ್ರಾಗ್ ನಗರದ ಕಥೋಲಿಕ ಧರ್ಮಗುರು. ಅವರು 1817ರಲ್ಲಿ ಸಾಧಿಸಿ ತೋರಿಸಿದ ವಿಷಯ ಕೇಳಲು ತೀರಾ ಸರಳ. ಬೇಕಲದ ಕಡಲ ತೀರದಿಂದ ಹೊರಟು ರಾಣಿಪುರಂ ಬೆಟ್ಟ ಹತ್ತುತ್ತೀರಿ ಎಂದುಕೊಳ್ಳಿ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರಕ್ಕೆ ಹೋಗುವವರು ದಾರಿಯಲ್ಲಿ ಎಲ್ಲೋ ಒಂದು ಕಡೆ ಸರಿಯಾಗಿ 500 ಮೀಟರ್ ಎತ್ತರದಲ್ಲಿ ಇರಲೇಬೇಕು. ಹಾರಿಹೋಗಲು ಆಗುವುದಿಲ್ಲ. "ಇದನ್ನು ಸಾಧಿಸುವುದೇನು ಬಂತು, ಚಿತ್ರ ಬರೆದರೆ ಕಾಣುತ್ತದಲ್ಲ" ಎಂದು ಎಲ್ಲರೂ ಅಂದುಕೊಂಡಿದ್ದರು. ಚಿತ್ರದಲ್ಲಿ ಕಾಣುವುದು ಸಾಕ್ಷಿಯಲ್ಲ, ಕಾರಣ ಬೇಕು ಎಂದವರು ಬೊಲ್ಟ್ಸಾನೊ. ಯುದ್ಧದ ವಿರುದ್ಧ, ಸಮಾಜದ ಅನ್ಯಾಯದ ವಿರುದ್ಧ ಮಾತಾಡಿದ್ದಕ್ಕೆ 1819ರಲ್ಲಿ ಸರಕಾರ ಅವರನ್ನು ವಿಶ್ವವಿದ್ಯಾಲಯದ ಹುದ್ದೆಯಿಂದ ತೆಗೆದುಹಾಕಿತು. ರಿಯಲ್ ಅನಾಲಿಸಿಸ್ ಪುಸ್ತಕದಲ್ಲಿ "ಬೊಲ್ಟ್ಸಾನೊ–ವಯರ್‌ಸ್ಟ್ರಾಸ್ ಪ್ರಮೇಯ" ಓದುವ ನಮ್ಮ ಯುವಜನರಲ್ಲಿ ಎಷ್ಟು ಮಂದಿಗೆ ಈತ ಒಬ್ಬ ಧರ್ಮಗುರು ಎಂದು ಗೊತ್ತಿದೆ?

ಎರಡನೆಯವರು ಫ್ರಾನ್ಸಿನ ಒಗಸ್ಟೀನ್ ಲೂಯಿ ಕೋಶಿ. ಪ್ಯಾರಿಸಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮಾಡಿದ ಪಾಠವನ್ನೇ 1821ರಲ್ಲಿ ಪುಸ್ತಕವಾಗಿ ಅಚ್ಚುಹಾಕಿಸಿದರು. ಲಿಮಿಟ್ ಎಂಬ ಕಲ್ಪನೆಯನ್ನು ಅಡಿಪಾಯವಾಗಿ ಇಟ್ಟು ಅದರ ಮೇಲೆ ಕಂಟಿನ್ಯುಯಿಟಿ, ಡಿರೈವೇಟಿವ್, ಇಂಟೆಗ್ರಲ್ ಕಟ್ಟಿದರು. ಬರ್ಕ್ಲಿಯ ಪ್ರಶ್ನೆಗೆ ಇಲ್ಲಿ ಉತ್ತರ ಸಿಕ್ಕಿತು: h ಎಂದಿಗೂ ಸೊನ್ನೆಯಾಗಬೇಕಿಲ್ಲ, 2x + h ಎಂಬುದು ಯಾವ ಸಂಖ್ಯೆಗೆ ಬೇಕಾದಷ್ಟು ಹತ್ತಿರ ಬರುತ್ತದೆ ಎಂದು ಕೇಳಿದರೆ ಸಾಕು. ಕೋಶಿ ದೃಢ ಕಥೋಲಿಕ ವಿಶ್ವಾಸಿ. ನಮ್ಮ ಧರ್ಮಕೇಂದ್ರಗಳಲ್ಲಿ ಇಂದಿಗೂ ಬಡ ಕುಟುಂಬಗಳ ಮನೆಬಾಗಿಲಿಗೆ ಹೋಗುವ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಆರಂಭದ ಕಾಲದ ಸದಸ್ಯರಲ್ಲಿ ಅವರೂ ಒಬ್ಬರು.

ಮೂರನೆಯವರು ಜರ್ಮನಿಯ ರಿಚರ್ಡ್ ಡೆಡೆಕಿಂಡ್. 1858ರಲ್ಲಿ ಜ್ಯೂರಿಕ್ ನಗರದಲ್ಲಿ ಮೊದಲ ಬಾರಿ ಕ್ಯಾಲ್ಕುಲಸ್ ಪಾಠ ಮಾಡಲು ನಿಂತಾಗ ಅವರಿಗೆ ಒಂದು ಮುಜುಗರ ಎದುರಾಯಿತು. ಎಲ್ಲವೂ ಸಂಖ್ಯೆಗಳ ಮೇಲೆ ನಿಂತಿದೆ, ಆದರೆ ಸಂಖ್ಯಾರೇಖೆಯಲ್ಲಿ ತೂತುಗಳಿಲ್ಲ ಎಂದು ಹೇಗೆ ಹೇಳುವುದು? ಭಿನ್ನರಾಶಿಗಳನ್ನು ಮಾತ್ರ ಇಟ್ಟುಕೊಂಡರೆ ಎರಡರ ವರ್ಗಮೂಲ ಇರಬೇಕಾದ ಜಾಗ ಖಾಲಿ ಉಳಿಯುತ್ತದೆ. ಆ ಖಾಲಿ ಜಾಗಗಳನ್ನು ತುಂಬುವ ರೀತಿಯನ್ನು ಅವರು ಅದೇ ವರ್ಷ ಕಂಡುಕೊಂಡರು, 1872ರಲ್ಲಿ ಪ್ರಕಟಿಸಿದರು. ತರಗತಿಯಲ್ಲಿ ಮಕ್ಕಳ ಮುಂದೆ ಪ್ರಾಮಾಣಿಕವಾಗಿ ನಿಲ್ಲಬೇಕು ಎಂಬ ಒಬ್ಬ ಮೇಷ್ಟ್ರ ಹಟದಿಂದ ಹುಟ್ಟಿದ ಗಣಿತ ಇದು. ಅದೇ ದಶಕದಲ್ಲಿ ಗಿಯೋರ್ಗ್ ಕಾಂಟರ್ ಸೆಟ್ ಥಿಯರಿ ಆರಂಭಿಸಿದರು. ಅನಂತದ ಬಗ್ಗೆ ತಮಗೆ ಬಂದ ಪ್ರಶ್ನೆಗಳನ್ನು ಅವರು ಯೇಸುಸಭೆಯ ಕಾರ್ಡಿನಲ್ ಫ್ರಾನ್ಸೆಲಿನ್ ಅವರ ಜೊತೆ ಪತ್ರಗಳ ಮೂಲಕ ಚರ್ಚಿಸಿದ್ದರು.

ಬೀಜಗಣಿತದ ಕಡೆಯ ಮೆಟ್ಟಿಲುಗಳು

ಇನ್ನೊಂದು ಸಾಲು ಮೆಟ್ಟಿಲು ಬೀಜಗಣಿತದ್ದು. ಹೈಸ್ಕೂಲಿನಲ್ಲಿ ವರ್ಗಸಮೀಕರಣಕ್ಕೆ ಸೂತ್ರ ಕಲಿಯುತ್ತೇವೆ. ಮೂರನೇ ಮತ್ತು ನಾಲ್ಕನೇ ಘಾತದ ಸಮೀಕರಣಗಳಿಗೂ ಸೂತ್ರವಿದೆ ಎಂದು 1545ರಲ್ಲಿ ಕಾರ್ಡಾನೊ ಪ್ರಕಟಿಸಿದ. ಐದನೇ ಘಾತಕ್ಕೆ? ಮುನ್ನೂರು ವರ್ಷ ಹುಡುಕಿದರೂ ಸಿಗಲಿಲ್ಲ. ಅಂಥ ಸಾಮಾನ್ಯ ಸೂತ್ರ ಇರುವುದು ಸಾಧ್ಯವೇ ಇಲ್ಲ ಎಂದು 1824ರಲ್ಲಿ ನಾರ್ವೆಯ ನೀಲ್ಸ್ ಆಬೆಲ್ ತೋರಿಸಿದರು. ಅವರೂ ಪಾಸ್ಟರರ ಮಗ, ಬಡತನದಲ್ಲಿ ಬೆಳೆದವರು, 26ನೇ ವಯಸ್ಸಿಗೇ ಕ್ಷಯರೋಗದಿಂದ ತೀರಿಕೊಂಡರು. ಯಾವ ಸಮೀಕರಣಕ್ಕೆ ಸೂತ್ರ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ ಎಂಬುದರ ಗುಟ್ಟನ್ನು ಫ್ರಾನ್ಸಿನ ಎವರಿಸ್ತ್ ಗಲ್ವಾ ಬಿಡಿಸಿದ. 1832ರಲ್ಲಿ ದ್ವಂದ್ವಯುದ್ಧದಲ್ಲಿ ಸತ್ತಾಗ ಅವನಿಗೆ ಇಪ್ಪತ್ತೇ ವರ್ಷ, ನಮ್ಮ ಡಿಗ್ರಿ ಮಕ್ಕಳ ವಯಸ್ಸು. ಅವನ ಬರಹ ಅಚ್ಚಾದದ್ದು 1846ರಲ್ಲಿ. ಇಂದು ಅಬ್‌ಸ್ಟ್ರಾಕ್ಟ್ ಆಲ್ಜೀಬ್ರ ಎಂದು ಓದುವ ಗ್ರೂಪ್, ಫೀಲ್ಡ್‌ಗಳ ಪಾಠ ಹುಟ್ಟಿದ್ದು ಈ ಹುಡುಕಾಟದಿಂದ.

ಲೀನಿಯರ್ ಆಲ್ಜೀಬ್ರದ ಕಥೆ ಬೇರೆ. ಹರ್ಮನ್ ಗ್ರಾಸ್‌ಮನ್ ದೈವಶಾಸ್ತ್ರ ಓದಿ ಶಾಲಾಮೇಷ್ಟ್ರಾಗಿದ್ದವರು. 1844ರಲ್ಲಿ ಅವರು ಬರೆದ ಪುಸ್ತಕವನ್ನು ಹೆಚ್ಚಿನವರು ಕಣ್ಣೆತ್ತಿಯೂ ನೋಡಲಿಲ್ಲ. 1888ರಲ್ಲಿ ಇಟಲಿಯ ಪೆಯಾನೊ ಅದರ ಸಾರವನ್ನು ಕೆಲವೇ ನಿಯಮಗಳಾಗಿ ಬರೆದು ವೆಕ್ಟರ್ ಸ್ಪೇಸ್ ಎಂದರೇನು ಎಂದು ಹೇಳಿದ. ಇಂದು ಗೂಗಲ್ ಹುಡುಕಾಟವಾಗಲಿ, ಎಐ ಆಗಲಿ ಈ ಪಾಠವಿಲ್ಲದೆ ಇಲ್ಲ.

ತರಗತಿಯ ಕ್ರಮ, ಚರಿತ್ರೆಯ ಕ್ರಮ

ಈ ವರ್ಷಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಡಿಗ್ರಿ ಸೇರಿದ ಕೂಡಲೇ ಸೆಟ್, ರಿಲೇಶನ್, ಲಾಜಿಕ್ ಎಂದು ಪಾಠ ಶುರುವಾಗುತ್ತದೆ. ಚರಿತ್ರೆಯಲ್ಲಿ ಇವು ಕೊನೆಗೆ ಬಂದವು. ರಿಯಲ್ ಅನಾಲಿಸಿಸ್ ಪುಸ್ತಕದ ಮೊದಲ ಅಧ್ಯಾಯ ರಿಯಲ್ ಸಂಖ್ಯೆಗಳು (1872), ನಂತರ ಲಿಮಿಟ್ (1821), ಆಮೇಲೆ ಡಿರೈವೇಟಿವ್ (1600ರ ದಶಕಗಳು). ಚರಿತ್ರೆ ನಡೆದದ್ದು ತಲೆಕೆಳಗಾಗಿ!

ನಮ್ಮ ಅನೇಕ ಹಳೆಯ ಚರ್ಚುಗಳ ಚರಿತ್ರೆಯೂ ಹೀಗೆಯೇ. ಮೊದಲು ಹುಲ್ಲಿನ ಮಾಡಿನ ಕೆಳಗೆ ಬಲಿಪೂಜೆ ಶುರುವಾಯಿತು. ಜನ ಹೆಚ್ಚಿ, ಮಳೆಗೆ ಸೋರಿ, ಗಾಳಿಗೆ ಹಾರಿ, ಇನ್ನು ಆಗದು ಎಂದಾಗ ಅಡಿಪಾಯ ತೋಡಿ ಕೆಂಪುಕಲ್ಲಿನ ಗೋಡೆ ಎಬ್ಬಿಸಿದರು. ಇಂದು ಒಳಗೆ ಬರುವವರಿಗೆ ಕಾಣುವುದು ಕಲ್ಲಿನ ಕಟ್ಟಡ ಮಾತ್ರ. ಹುಲ್ಲಿನ ಮಾಡಿನ ಕಥೆ ಹೇಳದಿದ್ದರೆ ಆ ದಪ್ಪ ಗೋಡೆ ಯಾಕೆ ಬೇಕಾಯಿತು ಎಂದು ಮಕ್ಕಳಿಗೆ ತಿಳಿಯುವುದಿಲ್ಲ.

ಗಣಿತದ ತರಗತಿಯಲ್ಲೂ ಇದೇ ಆಗುತ್ತದೆ. ಎಪ್ಸಿಲಾನ್, ಡೆಲ್ಟಾ ಎಂಬ ಗ್ರೀಕ್ ಅಕ್ಷರಗಳನ್ನು ಬೋರ್ಡಿನ ಮೇಲೆ ನೋಡುವ ವಿದ್ಯಾರ್ಥಿಗೆ, ಇದು ಯಾವ ಸೋರಿಕೆಯನ್ನು ನಿಲ್ಲಿಸಲು ಹಾಕಿದ ಹಂಚು ಎಂದು ಯಾರೂ ಹೇಳಿರುವುದಿಲ್ಲ. ಹಾಗಾಗಿ ಬಾಯಿಪಾಠ ಮಾಡುತ್ತಾನೆ. ಬಾಯಿಪಾಠ ಒಂದು ಸೆಮಿಸ್ಟರ್ ದಾಟಿಸುತ್ತದೆ, ಮುಂದಿನ ಸೆಮಿಸ್ಟರ್ ಅದರ ಮೇಲೆ ನಿಲ್ಲುವುದಿಲ್ಲ. ಕಾಂಪ್ಲೆಕ್ಸ್ ಅನಾಲಿಸಿಸ್ ಬಂದಾಗ ರಿಯಲ್ ಅನಾಲಿಸಿಸ್ ಬೇಕು, ಅದಕ್ಕೆ ಅಸಮತೆಗಳು ಬೇಕು, ಅವಕ್ಕೆ ಹೈಸ್ಕೂಲಿನ ಬೀಜಗಣಿತ ಬೇಕು.

ನಮ್ಮ ನೆಲದಲ್ಲಿ

ಕ್ರಮವಾಗಿ ಕಲಿಸುವುದನ್ನು ನಾವು ಯುರೋಪಿನಿಂದ ಮಾತ್ರ ಪಡೆದೆವು ಎಂದು ತಿಳಿಯಬೇಕಿಲ್ಲ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಪಂಡಿತ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ "ಗಣಿತಸಾರಸಂಗ್ರಹ" ಬರೆದರು. ಮೊದಲು ಪಾರಿಭಾಷಿಕ ಪದಗಳು, ಆಮೇಲೆ ಮೂಲಕ್ರಿಯೆಗಳು, ಭಿನ್ನರಾಶಿ, ತ್ರೈರಾಶಿ, ಕ್ಷೇತ್ರಫಲ ಎಂದು ಅದು ಹಂತಹಂತವಾಗಿ ಸಾಗುತ್ತದೆ. ಹನ್ನೆರಡನೇ ಶತಮಾನದ ರಾಜಾದಿತ್ಯ "ವ್ಯವಹಾರಗಣಿತ"ವನ್ನು ಕನ್ನಡದಲ್ಲೇ ಬರೆದ. ಅವನು ಕನ್ನಡದ ಮೊದಲ ಗಣಿತಗ್ರಂಥಕಾರ ಎಂದು ಹೆಸರಾದವನು. ಕೇರಳದಲ್ಲಿ ಸಂಗಮಗ್ರಾಮದ ಮಾಧವರು ಹದಿನಾಲ್ಕನೇ ಶತಮಾನದಲ್ಲೇ ಪೈ ಬೆಲೆಗೆ ಮುಗಿಯದ ಸರಣಿಯನ್ನು ಕಂಡುಕೊಂಡಿದ್ದರು. ಒಂದರಿಂದ ಮೂರನೇ ಒಂದನ್ನು ಕಳೆದು, ಐದನೇ ಒಂದನ್ನು ಕೂಡಿಸಿ, ಏಳನೇ ಒಂದನ್ನು ಕಳೆದು, ಹೀಗೆ ಹೋದರೆ ಪೈಯ ನಾಲ್ಕನೇ ಒಂದು ಭಾಗ ಬರುತ್ತದೆ ಎಂಬುದು ಅದು. ಸುಮಾರು 1530ರಲ್ಲಿ ಜ್ಯೇಷ್ಠದೇವರು ಇಂಥ ಫಲಿತಗಳಿಗೆ ಕಾರಣ ಕೊಟ್ಟು "ಯುಕ್ತಿಭಾಷಾ" ಬರೆದದ್ದು ಮಲಯಾಳದಲ್ಲಿ, ಅದೂ ಕೂಡು, ಕಳೆ ಎಂಬ ಮೂಲಕ್ರಿಯೆಗಳಿಂದಲೇ ಆರಂಭಿಸಿ.

ರಾಜಾದಿತ್ಯ, ಜ್ಯೇಷ್ಠದೇವ, ಆನ್ಯೇಸಿ ಮೂವರೂ ಪಂಡಿತರ ಭಾಷೆ ಬಿಟ್ಟು ಜನರ ಭಾಷೆಗೆ ಬಂದದ್ದು ನಮಗೆ ಮುಖ್ಯ. ಕಲಿಸಬೇಕು ಎಂಬ ಮನಸ್ಸಿದ್ದರೆ ಎದುರಿಗೆ ಕುಳಿತವರ ಭಾಷೆ ನೆನಪಾಗುತ್ತದೆ.

ಮದ್ರಾಸಿನಿಂದ ಮಂಗಳೂರಿಗೆ, ಕಾಸರಗೋಡಿಗೆ

ಇಂದಿನ ಕಾಲೇಜು ಕ್ರಮ ನಮ್ಮ ಊರಿಗೆ ಬಂದದ್ದು ಮದ್ರಾಸ್ ವಿಶ್ವವಿದ್ಯಾಲಯದ ಮೂಲಕ. 1857ರಲ್ಲಿ ಅದು ಸ್ಥಾಪನೆಯಾದಾಗ ಮುಂದಿಟ್ಟುಕೊಂಡ ಮಾದರಿ ಲಂಡನ್ ವಿಶ್ವವಿದ್ಯಾಲಯ. ಕಾಸರಗೋಡು ಆಗ ಕೆನರಾ ಜಿಲ್ಲೆಯ ಭಾಗ. 1878ರ ಕೊನೆಗೆ ಮಂಗಳೂರಿಗೆ ಬಂದ ಯೇಸುಸಭೆಯ ಗುರುಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದರು. ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು 1921ರಲ್ಲಿ ಹೆಣ್ಣುಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜು ಆರಂಭಿಸಿದರು. ಯೇಸುಸಭೆಗೆ ಗಣಿತ ಹೊಸದಲ್ಲ. 1582ರ ಗ್ರೆಗರಿ ಪಂಚಾಂಗದ ಲೆಕ್ಕದಲ್ಲಿ ದುಡಿದ ಕ್ರಿಸ್ಟೊಫರ್ ಕ್ಲಾವಿಯಸ್ ಅದೇ ಸಭೆಯ ಗುರು. ಸಭೆಯ ಶಾಲೆಗಳಲ್ಲಿ ಗಣಿತಕ್ಕೆ ಕಾಯಂ ಜಾಗ ಬೇಕೆಂದು ಹೋರಾಡಿದವರೂ ಅವರೇ.

ಮದ್ರಾಸ್ ಕ್ರಮದಲ್ಲಿ ಮೆಟ್ರಿಕ್ ಆದ ಮೇಲೆ ಎರಡು ವರ್ಷದ ಎಫ್ಎ, ಆಮೇಲೆ ಬಿಎ. ಎಫ್ಎ ಮೆಟ್ಟಿಲಿನಲ್ಲಿ ಎಡವಿದವರಲ್ಲಿ ಶ್ರೀನಿವಾಸ ರಾಮಾನುಜನ್ ಕೂಡ ಒಬ್ಬರು. ಗಣಿತ ಬಿಟ್ಟು ಬೇರೆ ವಿಷಯಗಳಲ್ಲಿ ಫೇಲಾಗಿ ಅವರಿಗೆ ಡಿಗ್ರಿ ಓದಲಾಗಲಿಲ್ಲ. ಅವರು ಗಣಿತ ಕಲಿತದ್ದು ಕಾರ್ ಎಂಬವರ ಒಂದು ಪುಸ್ತಕದಿಂದ. ಅದರಲ್ಲಿ ಸಾವಿರಾರು ಫಲಿತಗಳಿದ್ದವು, ಸಾಧನೆಗಳು ಹೆಚ್ಚಾಗಿ ಇರಲಿಲ್ಲ. ರಾಮಾನುಜನ್ ಮೆಟ್ಟಿಲಿಲ್ಲದೆ ಹಾರಿದವರು. ಅವರಿಗೂ 1914ರಲ್ಲಿ ಕೇಂಬ್ರಿಡ್ಜಿಗೆ ಹೋದ ಮೇಲೆ ಹಾರ್ಡಿಯವರ ಜೊತೆ ಸಾಧನೆಯ ದಾರಿಯನ್ನು ಕಲಿಯಬೇಕಾಯಿತು. "ರಾಮಾನುಜನ್ ಫೇಲಾದರಲ್ಲ" ಎಂದು ಸಮಾಧಾನ ಹೇಳುವವರು ಇದನ್ನೂ ಹೇಳಬೇಕು.

ಮದ್ರಾಸಿನ ಡಿಗ್ರಿ ಗಣಿತಕ್ಕೆ ಹೊಸ ಗಾಳಿ ತಂದವರಲ್ಲಿ ಒಬ್ಬ ಧರ್ಮಗುರುವಿನ ಹೆಸರು ಎದ್ದು ಕಾಣುತ್ತದೆ. ಫ್ರಾನ್ಸಿನ ಯೇಸುಸಭೆಯ ಗುರು ಚಾರ್ಲ್ಸ್ ರಸೀನ್ (1897–1976). ಪ್ಯಾರಿಸಿನಲ್ಲಿ ಎಲಿ ಕಾರ್ತಾನ್ ಅವರ ಬಳಿ ಕಲಿತು 1937ರಲ್ಲಿ ಭಾರತಕ್ಕೆ ಬಂದ ಅವರು, ಮೊದಲು ತಿರುಚ್ಚಿರಾಪಳ್ಳಿಯ ಸಂತ ಜೋಸೆಫ್ ಕಾಲೇಜಿನಲ್ಲಿ, ಆಮೇಲೆ ಮದ್ರಾಸಿನ ಲಯೋಲಾ ಕಾಲೇಜಿನಲ್ಲಿ ಪಾಠ ಮಾಡಿದರು. ಹಳೆಯ ಬ್ರಿಟಿಷ್ ಮಾದರಿಯಲ್ಲಿ ಚುರುಕಾಗಿ ಲೆಕ್ಕ ಬಿಡಿಸುವುದಕ್ಕೇ ಹೆಚ್ಚು ಬೆಲೆ. ರಸೀನ್ ವಿದ್ಯಾರ್ಥಿಗಳಿಗೆ ಯುರೋಪಿನ ಹೊಸ ಗಣಿತವನ್ನೂ ಹೊಸ ಪುಸ್ತಕಗಳನ್ನೂ ತೋರಿಸಿದರು, ಸಂಶೋಧನೆಗೆ ಹೋಗಿ ಎಂದು ಹುರಿದುಂಬಿಸಿದರು. ಅವರ ಬಳಿ ಡಿಗ್ರಿ ಓದಿದ ಎಂ. ಎಸ್. ನರಸಿಂಹನ್ ಮತ್ತು ಸಿ. ಎಸ್. ಶೇಷಾದ್ರಿ 1953ರಲ್ಲಿ ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆಗೆ ಸೇರಿದರು. 1965ರ ಅವರ ಜಂಟಿ ಪ್ರಮೇಯ ಇಂದು ಜಗತ್ತಿನೆಲ್ಲೆಡೆ ನರಸಿಂಹನ್–ಶೇಷಾದ್ರಿ ಪ್ರಮೇಯ ಎಂದೇ ಪ್ರಸಿದ್ಧ. ಡಿಗ್ರಿ ತರಗತಿಯ ಒಬ್ಬ ಮೇಷ್ಟ್ರು ಏನು ಮಾಡಬಲ್ಲರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಮರುವರ್ಷವೇ, 1957ರಲ್ಲಿ, ಕಾಸರಗೋಡು ಸರಕಾರಿ ಕಾಲೇಜು ಆರಂಭವಾಯಿತು. ಅದಾದ ಮೇಲೆ ನಮ್ಮ ಮೆಟ್ಟಿಲುಗಳ ಯಜಮಾನರು ಬದಲಾಗುತ್ತಲೇ ಹೋದರು: ಕೇರಳ ವಿಶ್ವವಿದ್ಯಾಲಯ, 1968ರಿಂದ ಕಲ್ಲಿಕೋಟೆ, 1996ರಿಂದ ಕಣ್ಣೂರು. ಎರಡು ವರ್ಷದ ಪ್ರಿಡಿಗ್ರಿ ಕಾಲೇಜಿನಿಂದ ಹೊರಬಿದ್ದು ಶಾಲೆಗಳ ಪ್ಲಸ್ ಟು ಆಯಿತು. 2009ರಲ್ಲಿ ಡಿಗ್ರಿಗೆ ಸೆಮಿಸ್ಟರ್ ಬಂತು. 2024ರಿಂದ ನಾಲ್ಕು ವರ್ಷದ ಡಿಗ್ರಿ ಕ್ರಮ ಶುರುವಾಗಿದೆ, ಮೂರು ವರ್ಷಕ್ಕೆ ಸಾಮಾನ್ಯ ಡಿಗ್ರಿ ಪಡೆದು ಹೊರಬರಲೂ ಅವಕಾಶವಿದೆ. ಇದೇ ಜಿಲ್ಲೆಯ ಪೆರಿಯದಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಗಣಿತವೂ ಇದೆ. ಹಿಂದೆ ರೈಲು ಹತ್ತಿ ದೂರ ಹೋಗಬೇಕಾದ ಮೆಟ್ಟಿಲು ಈಗ ಮನೆಯ ಹತ್ತಿರ ಬಂದಿದೆ.

ಕನ್ನಡ ಮಾಧ್ಯಮದ ಮಕ್ಕಳು

ಇಲ್ಲಿಯೇ ನಮ್ಮ ಮುಖ್ಯ ಚಿಂತೆ. ನಮ್ಮ ಜಿಲ್ಲೆಯ ಕನ್ನಡ ಶಾಲೆಗಳಲ್ಲಿ ಹತ್ತನೇ ತರಗತಿಯವರೆಗೆ ಗಣಿತ ಕನ್ನಡದಲ್ಲಿದೆ. ಪ್ಲಸ್ ಟುಗೆ ಹೋದ ಕೂಡಲೇ ಸಮಾಂತರ ಶ್ರೇಢಿ, ಬಹುಪದೋಕ್ತಿ, ತ್ರಿಕೋನಮಿತಿ ಎಲ್ಲವೂ ಒಂದೇ ವಾರದಲ್ಲಿ ಹೆಸರು ಬದಲಿಸಿಕೊಳ್ಳುತ್ತವೆ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಪುಸ್ತಕದಲ್ಲಿ ಇಂಗ್ಲಿಷ್. ಲೆಕ್ಕ ಮಾಡುವ ಪಾಠಗಳಲ್ಲಿ ಇದು ಅಷ್ಟು ಕಾಡುವುದಿಲ್ಲ, ಸಂಖ್ಯೆಗಳು ಕೈಹಿಡಿಯುತ್ತವೆ. ಆದರೆ ಸಾಧನೆಯ ಪಾಠಗಳಲ್ಲಿ ಗಣಿತ ಇರುವುದೇ ವಾಕ್ಯದಲ್ಲಿ. ಅಲ್ಲಿ ಭಾಷೆ ತಪ್ಪಿದರೆ ಗಣಿತವೇ ತಪ್ಪುತ್ತದೆ.

ಒಂದು ಉದಾಹರಣೆ ಕೊಡುತ್ತೇವೆ. ಹಬ್ಬದ ಊಟಕ್ಕೆ "ಯಾರೇ ಬಂದರೂ ಅವರಿಗೊಂದು ಕುರ್ಚಿ ಇದೆ" ಎಂದರೆ ಎಲ್ಲರಿಗೂ ಸಂತೋಷ. "ಒಂದು ಕುರ್ಚಿ ಇದೆ, ಯಾರೇ ಬಂದರೂ ಅದೇ" ಎಂದರೆ ಜಗಳ. ಪದಗಳು ಹೆಚ್ಚುಕಡಿಮೆ ಅವೇ, ಕ್ರಮ ಮಾತ್ರ ಬೇರೆ. ಲಿಮಿಟ್‌ನ ವ್ಯಾಖ್ಯೆ ಮೊದಲ ವಾಕ್ಯದಂತಿದೆ: ನೀವು ಎಷ್ಟೇ ಚಿಕ್ಕ ಎಪ್ಸಿಲಾನ್ ಕೊಟ್ಟರೂ ಅದಕ್ಕೆ ತಕ್ಕ ಒಂದು ಡೆಲ್ಟಾ ಸಿಗುತ್ತದೆ. ಎರಡನೇ ವಾಕ್ಯದಂತೆ ಓದಿದವರಿಗೆ ಇಡೀ ಅಧ್ಯಾಯವೇ ಅರ್ಥವಾಗುವುದಿಲ್ಲ. ಇದನ್ನು ಕನ್ನಡದಲ್ಲೋ ಕೊಂಕಣಿಯಲ್ಲೋ ಹತ್ತು ನಿಮಿಷ ಮಾತಾಡಿಕೊಂಡರೆ ತಿಂಗಳ ಕಷ್ಟ ತಪ್ಪುತ್ತದೆ.

ಆದ್ದರಿಂದ ನಮ್ಮ ಯುವಜನರಿಗೆ ನಾವು ಹೇಳುವುದು ಮೂರು ಮಾತು. ಒಂದು, ಮೇಲಿನ ಮೆಟ್ಟಿಲಿನಲ್ಲಿ ಕಾಲು ನಡುಗಿದರೆ ಕೆಳಗಿನ ಮೆಟ್ಟಿಲು ನೋಡಿ. ಡಿಫರೆನ್ಶಿಯಲ್ ಸಮೀಕರಣ ಬಿಡಿಸಲಾಗದಿದ್ದರೆ ಹೆಚ್ಚಾಗಿ ಕೊರತೆ ಇರುವುದು ಇಂಟೆಗ್ರಲ್ ಅಭ್ಯಾಸದಲ್ಲಿ. ವೆಕ್ಟರ್ ಸ್ಪೇಸ್ ತಿಳಿಯದಿದ್ದರೆ ಏಕಕಾಲಿಕ ಸಮೀಕರಣಗಳನ್ನೂ ಮ್ಯಾಟ್ರಿಕ್ಸನ್ನೂ ಮತ್ತೆ ಕೈಯಲ್ಲಿ ಮಾಡಿ. ಹಿಂದಿನ ಪುಸ್ತಕ ತೆರೆಯುವುದರಲ್ಲಿ ನಾಚಿಕೆಯಿಲ್ಲ. ಡೆಡೆಕಿಂಡ್ ಪ್ರೊಫೆಸರಾದ ಮೇಲೆ ಸಂಖ್ಯೆ ಎಂದರೇನು ಎಂದು ಮೊದಲಿನಿಂದ ಯೋಚಿಸಲಿಲ್ಲವೇ? ಎರಡು, ಪ್ರತಿ ಹೊಸ ಪಾಠಕ್ಕೆ ಮೊದಲು "ಇದು ಯಾವ ಪ್ರಶ್ನೆಗೆ ಉತ್ತರ" ಎಂದು ಕೇಳಿ. ಮೂರು, ಗಣಿತವನ್ನು ನಿಮ್ಮ ಭಾಷೆಯಲ್ಲಿ ಮಾತಾಡಿ, ಪರೀಕ್ಷೆಗೆ ಇಂಗ್ಲಿಷಿನಲ್ಲಿ ಬರೆಯಿರಿ.

ಹೆತ್ತವರಲ್ಲಿಯೂ ಒಂದು ವಿನಂತಿ. ಎರಡನೇ ವರ್ಷದಲ್ಲಿ ಅಂಕ ಇಳಿದರೆ ಮಗುವಿಗೆ ಬುದ್ಧಿ ಇಳಿಯಿತು ಎಂದಲ್ಲ. ಅಂತರ ದೊಡ್ಡದಾದ ಮೆಟ್ಟಿಲೊಂದು ಎದುರು ಬಂದಿದೆ ಎಂದು ತಿಳಿಯಿರಿ. ಆ ಹೊತ್ತಿಗೆ ಬೈಗುಳಕ್ಕಿಂ ಹೆಚ್ಚು ಬೇಕಾದದ್ದು ಮೇಲೆ ಹತ್ತಿದವರ ಒಂದು ಕೈ. ಪ್ರತಿ ಧರ್ಮಕೇಂದ್ರದಲ್ಲೂ ಡಿಗ್ರಿ ಮುಗಿಸಿದವರು, ಕಲಿಸುವ ಕೆಲಸದಲ್ಲಿರುವವರು ಇದ್ದಾರೆ. ಕ್ರಿಸ್ತೋಪದೇಶ ಕಲಿಸುವ ಕೋಣೆಗಳು ವಾರದ ದಿನ ಸಂಜೆ ಖಾಲಿಯೇ ಇರುತ್ತವೆ. ತಮ್ಮಂದಿರಿಗಾಗಿ ಪುಸ್ತಕ ಬರೆದ ಅಕ್ಕನ ಹಾಗೆ, ನಮ್ಮ ಅಣ್ಣ-ಅಕ್ಕಂದಿರು ವಾರಕ್ಕೆ ಒಂದು ಗಂಟೆ ಕೊಟ್ಟರೆ ಸಾಕು.

ಗೋಪುರ ಕಟ್ಟಬೇಕೆಂದಿರುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆ ಎಂದು ಯೇಸುಸ್ವಾಮಿ ಹೇಳಿದ್ದನ್ನು ಸಂತ ಲೂಕರ ಶುಭಸಂದೇಶದಲ್ಲಿ ಓದುತ್ತೇವೆ. ಗಣಿತ ಆರಿಸಿಕೊಳ್ಳುವ ಮಕ್ಕಳೇ, ಲೆಕ್ಕ ಹಾಕಿಯೇ ಬನ್ನಿ: ಕಷ್ಟವಿದೆ, ತಾಳ್ಮೆ ಬೇಕು, ಹಿಂದಿರುಗಿ ನೋಡುವ ವಿನಯ ಬೇಕು. ಇಷ್ಟಿದ್ದರೆ ಹೆದರಬೇಡಿ. ಈ ವರ್ಷ ಸೇರುವವರು ನಮ್ಮ ಯುವ ಸಂಘಟನೆಯವರನ್ನು ಭಾನುವಾರ ಮೊದಲ ಪೂಜೆಯ ನಂತರ ಕಂಡು ಹೆಸರು ಹೇಳಿ. ಕಲಿಸಲು ಮನಸ್ಸಿರುವ ಹಿರಿಯರೂ ಹೇಳಿ. ಜೂನ್ ತಿಂಗಳಿನಲ್ಲೇ ಶುರುಮಾಡೋಣ.